ಕಿಟಕಿಯ ಕಡೆ ತಿರುಗಿ ಕೂರಿ

ಆಡಮ್ಸ್‌ಟೌನ್
5 ಏಪ್ರಿಲ್ 2020

ರೀ,

ಕಾಗದದ ಮೇಲೆ ನಿಮ್ಮನ್ನು ಏನೆಂದು ಕರೆಯಬೇಕೆಂದು ತಿಳಿಯಲಿಲ್ಲ. ಮದುವೆಯಾಗಿ ಇಪ್ಪತ್ತೊಂದು ವರ್ಷವಾಯಿತು, ನಿಮಗೆ ಒಂದು ಪತ್ರವನ್ನೂ ಬರೆದವಳಲ್ಲ. ಮನೆಯಲ್ಲಿ ಕರೆಯುವ ಹಾಗೆಯೇ ಬರೆದಿದ್ದೇನೆ, ನಗಬೇಡಿ.

ಫೋನ್ ಇರುವಾಗ ಇದೇನು ಎನ್ನುತ್ತೀರಿ. ನಮ್ಮ ಸುಹಾಸನ ಉಬ್ಬಸಕ್ಕೆ ಹೆದರಿ, ಆಸ್ಪತ್ರೆಯ ಸೋಂಕು ಮನೆಗೆ ತರಬಾರದೆಂದು ನೀವು ಕಿಲ್ಕೆನ್ನಿಯಲ್ಲಿ ಫ್ಲ್ಯಾಟ್ ಹಿಡಿದು ಹದಿನೆಂಟು ದಿನವಾಯಿತು. ದಿನವೂ ಸಂಜೆ ಮಾತಾಡುತ್ತೇವೆ. "ಹೇಗಿದ್ದೀರಿ?" ಅಂದರೆ "ಗ್ರ್ಯಾಂಡ್." "ಊಟ ಆಯ್ತಾ?" "ಗ್ರ್ಯಾಂಡ್." ವಾರ್ಡು ಹೇಗಿದೆ ಅಂದರೆ ಅದೂ ಗ್ರ್ಯಾಂಡ್. ಎಲ್ಲ ಚೆನ್ನಾಗಿದೆ ಎನ್ನಲು ಐರಿಷರ ಈ ಒಂದು ಪದ ಸಿಕ್ಕಿದ ಮೇಲೆ ನಿಮಗೆ ಬೇರೆ ಮಾತೇ ಬೇಡವಾಗಿದೆ. ಒಂದೇ ಪದ ಬರೆದು ಲಕೋಟೆಗೆ ಸ್ಟಾಂಪ್ ಹಚ್ಚಲು ನಿಮಗೂ ನಾಚಿಕೆಯಾಗುತ್ತದೆ ಎಂದು ನಂಬಿ ಬರೆಯುತ್ತಿದ್ದೇನೆ.

ಕ್ಲಾಂಡಾಲ್ಕಿನ್‌ನ ನಮ್ಮ ಕಾಲೇಜು ಮುಚ್ಚಿದೆ. ಫೋಟೋಗ್ರಫಿ ಕ್ಲಾಸು ಈಗ ಲ್ಯಾಪ್‌ಟಾಪಿನಲ್ಲಿ. ಟೀಚರನ್ನು ಬಿಟ್ಟರೆ ಹನ್ನೊಂದು ಚೌಕ; ಹತ್ತರಲ್ಲಿ ಹತ್ತೊಂಬತ್ತರ ಮಕ್ಕಳು, ಒಂದರಲ್ಲಿ ನಲವತ್ತೈದರ ನಾನು. ಮನೆಯಿಂದ ಎರಡು ಕಿಲೋಮೀಟರ್ ದಾಟಬಾರದು ಎಂದು ಸರ್ಕಾರ ಹೇಳಿದಾಗ ಹುಡುಗರೆಲ್ಲ ಇನ್ನೇನು ತೆಗೆಯುವುದು ಎಂದು ಗೊಣಗಿದರು. ಡೀರ್ಡ್ರಾ ಟೀಚರ್ ಜಗ್ಗಲಿಲ್ಲ. ಮನೆಯ ಒಂದೇ ಒಂದು ಕಿಟಕಿ ಆರಿಸಿಕೊಳ್ಳಿ, ಏಳು ದಿನ ಬೇರೆ ಬೇರೆ ಹೊತ್ತಿನಲ್ಲಿ ಅದರ ಬೆಳಕನ್ನು ತೆಗೆಯಿರಿ ಎಂದಳು. ನಾನು ಅಡುಗೆಮನೆಯದನ್ನು ಆರಿಸಿದೆ. ಹತ್ತು ವರ್ಷದಿಂದ ಅದರ ಮುಂದೆ ನಿಂತು ಪಾತ್ರೆ ತೊಳೆದಿದ್ದೇನೆ. ಬೆಳಿಗ್ಗೆ ಒಲೆಯ ಮೇಲೆ ಬೀಳುವ ಬೆಳಕು ಮಧ್ಯಾಹ್ನ ಮೂರಕ್ಕೆ ಅಕ್ಕಿ ಡಬ್ಬದ ತನಕ ನಡೆದುಕೊಂಡು ಬರುತ್ತದೆ ಎಂಬುದು ಈ ವಾರ ಗೊತ್ತಾಯಿತು.

ಮೂರು ಗಂಟೆಯ ಚಿತ್ರ ಪ್ರಿಂಟ್ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಚೆನ್ನಾಗಿದೆ ಎನ್ನಬೇಡಿ. ಅದರಲ್ಲಿ ನಿಮಗೆ ಏನು ಕಾಣುತ್ತದೆ ಎಂದು ಬರೆಯಿರಿ.

ನೀಲಾ

---

ಕಿಲ್ಕೆನ್ನಿ
14 ಏಪ್ರಿಲ್ 2020

ನೀಲಾ,

ನಿನ್ನ ಪತ್ರ ಬಂತು. ಚಿತ್ರದಲ್ಲಿ ಅಕ್ಕಿ ಡಬ್ಬ ಕಾಣುತ್ತದೆ. ಮುಚ್ಚಳ ಸರಿಯಾಗಿ ಕೂತಿಲ್ಲ. ಹುಳ ಬೀಳುತ್ತದೆ.

ನೀನು ಕೊಟ್ಟ ಸಾರಿನ ಪುಡಿ ಇನ್ನೂ ಅರ್ಧ ಇದೆ. ನಿದ್ದೆ ಪರವಾಗಿಲ್ಲ. ಆಸ್ಪತ್ರೆ ಇಲ್ಲಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ದಾರಿಯಲ್ಲಿ ಒಂದು ವಾಹನವೂ ಎದುರಾಗುವುದಿಲ್ಲ.

ಒಂದು ಟೆಕ್ನಿಕಲ್ ಪ್ರಶ್ನೆ ಇದೆ. ವಾರ್ಡಿಗೆ ಮನೆಯವರನ್ನು ಬಿಡುವಂತಿಲ್ಲವಾದ್ದರಿಂದ ರೋಗಿಗಳ ಜೊತೆ ಮಾತಾಡಿಸಲು ಒಂದು ಟ್ಯಾಬ್ಲೆಟ್ ಕೊಟ್ಟಿದ್ದಾರೆ. ಯಾರ ಕೈ ಖಾಲಿಯಿದೆಯೋ ಅವರು ಹಿಡಿಯುತ್ತೇವೆ. ಮೊನ್ನೆ ನನ್ನ ಸರದಿ. ಎಂಬತ್ತು ದಾಟಿದ ರೈತ, ಹಸು ಸಾಕಿದವರು. ಮಗಳ ಮನೆ ಇಲ್ಲಿಂದ ಹದಿನೈದು ಮೈಲಿ ಅಷ್ಟೇ. ಅವರ ತಲೆಯ ಬಳಿ ನಿಂತು ಹಿಡಿದೆ. ಆಕೆ ಮತ್ತೆ ಮತ್ತೆ "ಡಾಕ್ಟರ್, ನನಗೆ ಸೀಲಿಂಗ್ ಮಾತ್ರ ಕಾಣ್ತಿದೆ, ಅಪ್ಪ ಕಾಣ್ತಿಲ್ಲ" ಅನ್ನುತ್ತಿದ್ದಳು. ತಿರುಗಿಸಿದರೆ ಮುಖ ಕಪ್ಪಾಯಿತು. ಎರಡು ಜೊತೆ ಗ್ಲೌಸ್ ಬೇರೆ. ಅಷ್ಟರಲ್ಲಿ ಬೇರೆ ಕಡೆಯಿಂದ ಕರೆ ಬಂತು, ಮುಗಿಸಬೇಕಾಯಿತು.

ಮಲಗಿದ ಮನುಷ್ಯನ ಮುಖಕ್ಕೆ ಬೆಳಕು ಬೀಳುವ ಹಾಗೆ ಹೇಗೆ ಹಿಡಿಯಬೇಕು? ನಿನ್ನ ಕ್ಲಾಸಿನಲ್ಲಿ ಅದನ್ನು ಹೇಳಿಕೊಟ್ಟಿದ್ದಾರಾ?

ಚಂದ್ರಕಾಂತ

---

ಆಡಮ್ಸ್‌ಟೌನ್
18 ಏಪ್ರಿಲ್ 2020

ರೀ,

ಮುಚ್ಚಳ ಸರಿ ಮಾಡಿದ್ದೇನೆ.

ನಿಮ್ಮ ಪ್ರಶ್ನೆ ಓದಿ ಎದ್ದು ನಿಂತೆ. ನೀವು ನನ್ನ ಕ್ಲಾಸಿನ ಬಗ್ಗೆ ಒಂದು ಮಾತು ಕೇಳಿದ್ದು ಇದೇ ಮೊದಲು.

ಸುಹಾಸನನ್ನು ಸೋಫಾದ ಮೇಲೆ ಮಲಗಿಸಿ, ಎರಡು ದಿಂಬು ಕೊಟ್ಟು, ನಿಮ್ಮ ಹಳೇ ಟ್ಯಾಬ್ಲೆಟ್ ಹಿಡಿದು ಪರೀಕ್ಷೆ ಮಾಡಿದೆ. ಹದಿನೈದು ನಿಮಿಷ ಸಹಿಸಿಕೊಂಡ. ಆಮೇಲೆ ಕಣ್ಣು ಮುಚ್ಚಿಕೊಂಡೇ "ಮಮ್, ಆಮ್ ಐ ಡೆಡ್ ಆರ್ ವಾಟ್?" ಅಂದ. ಅವನ ತಲೆಗೆ ಮೊಟಕಿದೆ. ಆಮೇಲೆ ಸಂಕಟವಾಯಿತು.

ಅದೂ ಸಾಲದೆ ಗುರುವಾರದ ಕ್ಲಾಸಿನಲ್ಲಿ ಡೀರ್ಡ್ರಾಳನ್ನೇ ಕೇಳಿದೆ. ನೀವು ಬರೆದದ್ದನ್ನು ಹೆಸರಿಲ್ಲದೆ ಹೇಳಿದೆ. ಅವಳು "ಇವತ್ತಿನ ಪಾಠ ಬಿಟ್ಟುಬಿಡೋಣ. ಎಲ್ಲರೂ ಹೋಗಿ ಮಂಚದ ಮೇಲೆ ಮಲಗಿ" ಎಂದಳು. ಹತ್ತು ಚೌಕಗಳಲ್ಲಿ ಹತ್ತು ಮಕ್ಕಳು ಮಲಗಿದರು. ಒಬ್ಬಳ ಅಜ್ಜಿ, ಒಬ್ಬನ ತಮ್ಮ, ಯಾರೋ ಫೋನ್ ಹಿಡಿದರು. ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂದು ಗಂಟೆಗಟ್ಟಲೆ ನೋಡಿದೆವು.

ಕಂಡದ್ದು ಇಷ್ಟು. ನಿಂತು ಹಿಡಿಯಬೇಡಿ. ಸ್ಟೂಲ್ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂರಿ. ನೀವು ತಗ್ಗಿದರೆ ಸೀಲಿಂಗ್ ತಾನಾಗಿ ಮಾಯವಾಗುತ್ತದೆ. ಕಿಟಕಿ ಅವರ ಪಕ್ಕಕ್ಕಿರಬೇಕು, ಬೆನ್ನ ಹಿಂದೆ ಬಂದರೆ ಮುಖ ಕಪ್ಪಾಗುವುದು ಅದಕ್ಕೇ. ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸಲು ಸಾಧ್ಯವಾದರೆ ಆರಿಸಿ, ಅದು ಕಣ್ಣಲ್ಲಿ ಗುಂಡಿ ತೋಡುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ, ಗ್ಲೌಸ್ ಇದ್ದರೂ ಅಲುಗುವುದಿಲ್ಲ. ಕ್ಯಾಮೆರಾ ಎತ್ತುವ ಮೊದಲು ಎತ್ತುತ್ತಿದ್ದೇನೆ ಎಂದು ಅವರಿಗೆ ಹೇಳಿ. ಮುಖ ಅವರದು, ನಮ್ಮದಲ್ಲ; ಡೀರ್ಡ್ರಾ ಮೊದಲ ದಿನವೇ ಹೇಳಿದ ಮಾತು.

ಇನ್ನೊಂದು. ಕ್ಲಿಕ್ ಆದ ತಕ್ಷಣ ಕ್ಯಾಮೆರಾ ಇಳಿಸಬಾರದು ಎನ್ನುತ್ತಾಳೆ. ಫೋಟೋ ಮುಗಿಯಿತು ಅಂದುಕೊಂಡ ಮೇಲೆಯೇ ಜನ ತಮ್ಮ ಮುಖಕ್ಕೆ ವಾಪಸ್ ಬರುತ್ತಾರಂತೆ. ಆದ್ದರಿಂದ ಅವರು 'ಬೈ' ಅಂದ ಮೇಲೂ ಸ್ವಲ್ಪ ಹೊತ್ತು ಹಿಡಿದುಕೊಂಡಿರಿ.

ಆ ಹಸುವಿನ ಅಜ್ಜ ಹೇಗಿದ್ದಾರೆ? ಮಗಳಿಗೆ ಇನ್ನೊಮ್ಮೆ ತೋರಿಸಿ.

ನೀಲಾ

---

ಕಿಲ್ಕೆನ್ನಿ
27 ಏಪ್ರಿಲ್ 2020

ನೀಲಾ,

ನೀನು ಹೇಳಿದ ಹಾಗೆ ಮಾಡಿದೆವು. ಎಪ್ಪತ್ತೆಂಟರ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಮಂಗಳೂರು ಕಡೆಯ ನರ್ಸ್ ರೋಸಿ ನಮ್ಮ ವಾರ್ಡಿನಲ್ಲಿದ್ದಾಳೆ ಎಂದಿದ್ದೆನಲ್ಲ, ಅವಳಿಗೆ ನಿನ್ನ ಪತ್ರದ ಆ ಭಾಗ ಓದಿ ಹೇಳಿದೆ. "ಡಾಕ್ಟ್ರೇ, ಇದು ಫೋಟೋ ಕ್ಲಾಸಲ್ಲ, ಇದು ನರ್ಸಿಂಗ್" ಅಂದಳು. ಮಂಚವನ್ನು ಕಿಟಕಿಗೆ ಅಡ್ಡವಾಗಿ ತಿರುಗಿಸಿದಳು. ಆಕೆಯ ತಲೆ ಬಾಚಿ, ಕನ್ನಡಕ ಹಾಕಿದಳು. ಕನ್ನಡಕದ ಬಗ್ಗೆ ನೀನು ಬರೆದಿರಲಿಲ್ಲ, ನಿನ್ನ ಟೀಚರಿಗೆ ಹೇಳು.

ನಾನು ಸ್ಟೂಲಿನ ಮೇಲೆ ಕೂತೆ. ಇಷ್ಟು ವರ್ಷದ ನೌಕರಿಯಲ್ಲಿ ರೋಗಿಯ ಪಕ್ಕ ಹಾಗೆ ಕೂತದ್ದು ಎಷ್ಟು ಸಲ ಎಂದು ಯೋಚಿಸಿದೆ. ಹೆಚ್ಚಿಲ್ಲ. ಹನ್ನೆರಡು ನಿಮಿಷ ಮಾತಾಡಿದರು. ಮೊಮ್ಮಗಳು ಬೈ ಅಂದ ಮೇಲೂ ಹಿಡಿದೇ ಇದ್ದೆ. ಆಗ ಈಯಮ್ಮ ಮಾಸ್ಕಿನೊಳಗಿಂದ "ಬೆಕ್ಕಿಗೆ ಊಟ ಹಾಕಿದೆಯಾ?" ಅಂತ ಕೇಳಿದರು. ಆ ಹುಡುಗಿ ಅಷ್ಟು ಹೊತ್ತು ಅತ್ತವಳು ನಕ್ಕುಬಿಟ್ಟಳು. ಇನ್ನೂ ನಾಲ್ಕು ನಿಮಿಷ ಮಾತು ನಡೆಯಿತು.

ಟ್ಯೂಬ್‌ಲೈಟಿನ ವಿಷಯ ನಿನ್ನ ಟೀಚರ್ ಹೇಳಿದ್ದು ಪೂರ್ತಿ ನಿಜ.

ಆ ರೈತನ ಬಗ್ಗೆ ನೀನು ಕೇಳಿದ್ದೆ. ನಾನು ನಿನಗೆ ಬರೆಯುವ ಹೊತ್ತಿಗೇ ಅವರು ಹೋಗಿಯಾಗಿತ್ತು. ಟ್ಯಾಬ್ಲೆಟ್ ಹಿಡಿದ ಆ ಸಂಜೆಯೇ. ಅದನ್ನು ಬರೆಯಲಿಲ್ಲ, ಟೆಕ್ನಿಕಲ್ ಪ್ರಶ್ನೆ ಎಂದಷ್ಟೇ ಬರೆದೆ. ಮಗಳು ಕೊನೆಯದಾಗಿ ನೋಡಿದ್ದು ನಮ್ಮ ಸೀಲಿಂಗನ್ನು. ನಾಲ್ಕು ಅಡಿ ಪಕ್ಕದಲ್ಲಿ ಸ್ಟೂಲ್ ಇತ್ತು, ನೀಲಾ.

ಚಂದ್ರಕಾಂತ

---

ಆಡಮ್ಸ್‌ಟೌನ್
2 ಮೇ 2020

ರೀ,

ನಿಮ್ಮ ಪತ್ರ ಓದಿದೆ. ನಿಮ್ಮ ತಪ್ಪಲ್ಲ ಎಂದು ನಾನು ಹೇಳಿದರೆ ನೀವು ಒಪ್ಪುವವರಲ್ಲ, ಆದ್ದರಿಂದ ಹೇಳುವುದಿಲ್ಲ. ಬರೆದಿರಲ್ಲ, ಅಷ್ಟು ಸಾಕು.

ಇವತ್ತು ಒಂದು ಮಾತು ಕೇಳಿಯೇಬಿಡುತ್ತೇನೆ. ಸೆಪ್ಟೆಂಬರಿನಲ್ಲಿ ಈ ಕೋರ್ಸಿಗೆ ಸೇರಿದಾಗ ನೀವು ಪೇಪರ್‌ನಿಂದ ತಲೆ ಎತ್ತದೆ "ಒಳ್ಳೇದು, ಟೈಮ್ ಪಾಸ್ ಆಗುತ್ತೆ" ಅಂದಿರಿ. ನಾನೂ ನಕ್ಕೆ. ಆ ಮಾತು ಎಂಟು ತಿಂಗಳು ಹೊಟ್ಟೆಯಲ್ಲಿತ್ತು. ಈಗ ಅದೇ ಟೈಮ್ ಪಾಸು ನಿಮ್ಮ ವಾರ್ಡಿನಲ್ಲಿ ಕೆಲಸಕ್ಕೆ ಬಂತು. ಹೆಮ್ಮೆಯೂ ಆಗುತ್ತದೆ, ಸಿಟ್ಟೂ ಬರುತ್ತದೆ.

ಕೊನೆಯ ಪ್ರಾಜೆಕ್ಟ್ ಕೊಟ್ಟಿದ್ದಾರೆ: ನಿಮಗೆ ಹತ್ತಿರದ ಒಬ್ಬರ ಮುಖ. ನನ್ನದು ನೀವು. ಎಂಟು ತಿಂಗಳಲ್ಲಿ ನಾನು ತೆಗೆದ ಎರಡು ಸಾವಿರ ಚಿತ್ರಗಳಲ್ಲಿ ನೀವು ಮೂರರಲ್ಲಿದ್ದೀರಿ, ಮೂರರಲ್ಲೂ ಬೆನ್ನು. ವಿಡಿಯೋ ಕಾಲ್‌ನಲ್ಲಿಯೂ ಫೋನನ್ನು ಎಲ್ಲೋ ಒರಗಿಸಿ ಹಣೆ ಮತ್ತು ಗೋಡೆ ಮಾತ್ರ ತೋರಿಸುತ್ತೀರಿ. ಬೇರೆಯವರಿಗೆ ಮಾಡಿದ್ದನ್ನು ನನಗೂ ಮಾಡಿ. ಈ ಪತ್ರ ಸಿಕ್ಕಿದ ದಿನ ಫೋನ್ ಮಾಡುವಾಗ ಕಿಟಕಿಯ ಕಡೆ ತಿರುಗಿ ಕೂರಿ. ನಾನು ಸ್ವಲ್ಪ ಹೊತ್ತು ನೋಡಬೇಕು.

ನೀಲಾ

---

ಆಡಮ್ಸ್‌ಟೌನ್
15 ಮೇ 2020

ರೀ,

ಹದಿಮೂರು ದಿನವಾಯಿತು. ಪತ್ರವಿಲ್ಲ. ವಿಡಿಯೋ ಬೇಡ, ನೆಟ್ ಸರಿಯಿಲ್ಲ ಅನ್ನುತ್ತೀರಿ. ಎರಡು ದಿನಕ್ಕೊಮ್ಮೆ "ಬ್ಯುಸಿ. ಗ್ರ್ಯಾಂಡ್" ಎಂಬ ಮೆಸೇಜು. ಅಂದರೆ ನನ್ನ ಪತ್ರ ನಿಮಗೆ ನೋವು ಮಾಡಿದೆ.

ಟೈಮ್ ಪಾಸ್ ಮಾತನ್ನು ಈಗ ಎತ್ತಬಾರದಿತ್ತು. ಅಲ್ಲಿ ನೀವು ಏನೇನು ನೋಡುತ್ತಿದ್ದೀರೋ, ನಾನಿಲ್ಲಿ ಎಂಟು ತಿಂಗಳ ಹಳೆಯ ಮಾತಿನ ಲೆಕ್ಕ ಕೇಳುತ್ತಾ ಕೂತೆ. ಪ್ರಾಜೆಕ್ಟಿನ ವಿಷಯ ಮರೆತುಬಿಡಿ. ಡೀರ್ಡ್ರಾಗೆ ನನ್ನಿಂದಾಗುವುದಿಲ್ಲ ಎಂದು ಹೇಳಿಬಿಡುತ್ತೇನೆ. ನೀವು ಮಾತ್ರ ಸಿಟ್ಟಿಟ್ಟುಕೊಳ್ಳಬೇಡಿ.

ಸುಹಾಸ ಚೆನ್ನಾಗಿದ್ದಾನೆ. ಐದು ಕಿಲೋಮೀಟರ್ ಹೋಗಬಹುದೆಂದು ಸೈಕಲ್ ತೆಗೆದಿದ್ದಾನೆ.

ನೀಲಾ

---

ಕಿಲ್ಕೆನ್ನಿ
24 ಮೇ 2020

ನೀಲಾ,

ಕೂತು ಓದು. ಈಗ ಎಲ್ಲ ಸರಿಯಾಗಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಮೇ ಮೂರರಂದು ಜ್ವರ ಬಂತು. ಐದರಂದು ಪಾಸಿಟಿವ್. ಒಂಬತ್ತರಿಂದ ಆರು ದಿನ ನಮ್ಮದೇ ವಾರ್ಡಿನಲ್ಲಿ ಆಕ್ಸಿಜನ್ ಮೇಲಿದ್ದೆ. ನಿನಗೆ ಹೇಳಬಾರದೆಂದು ರೋಸಿಯಿಂದ ಮಾತು ತೆಗೆದುಕೊಂಡಿದ್ದೆ. ಅವಳು ದಿನಾ ಜಗಳವಾಡಿದಳು. "ಡಾಕ್ಟ್ರೇ, ನಾಳೆ ನೀಲಕ್ಕ ಕೇಳಿದ್ರೆ ನಾನು ಯಾವ ಮುಖ ಇಟ್ಕೊಂಡು ಮಾತಾಡ್ಲಿ?" ಅಂದಳು.

ನಿನ್ನ ಮೇ ಎರಡರ ಪತ್ರ ಬಂದಾಗ ಜ್ವರದಲ್ಲಿದ್ದೆ. ಸಿಟ್ಟೆಲ್ಲಿ ಬಂತು? ಕಿಟಕಿಯ ಕಡೆ ತಿರುಗಿ ಕೂತರೆ ನಿನಗೆ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಅದಕ್ಕೇ ವಿಡಿಯೋ ತಪ್ಪಿಸಿದೆ. ನೀನು ಹೇಳಿಕೊಟ್ಟ ಪಾಠಕ್ಕೆ ಹೆದರಿ ಬಚ್ಚಿಟ್ಟುಕೊಂಡೆ. ನಾನು ಮಾಡಿದ್ದು ತಪ್ಪು. ನೀನು ಅಲ್ಲಿ ನಿನ್ನನ್ನೇ ಬೈದುಕೊಳ್ಳುತ್ತಿದ್ದೆ ಎಂದು ನಿನ್ನೆ ಫ್ಲ್ಯಾಟಿಗೆ ಬಂದು ಎರಡನೇ ಪತ್ರ ಒಡೆದಾಗಲೇ ತಿಳಿಯಿತು. ಅದು ನನಗೆ ಜ್ವರಕ್ಕಿಂತ ಕಷ್ಟವಾಯಿತು.

ಮಲಗಿದಾಗ ಒಂದು ವಿಷಯ ತಿಳಿಯಿತು. ನಿನ್ನ ಕ್ಲಾಸಿನ ಮಕ್ಕಳು ಮಂಚದ ಮೇಲೆ ಮಲಗಿ ನೋಡಿದರಲ್ಲ, ನಾನೂ ನೋಡಿದೆ. ರೋಗಿಗೆ ಕಾಣುವುದು ಸೀಲಿಂಗ್, ಟ್ಯೂಬ್‌ಲೈಟ್, ಮತ್ತೆ ಮಾಸ್ಕು ಹಾಕಿಕೊಂಡು ಬಗ್ಗುವ ಯಾರೋ. ನಾನು ಜೊತೆಯಲ್ಲಿ ಕೆಲಸ ಮಾಡುವವರನ್ನೇ ನನಗೆ ಗುರುತಿಸಲಾಗಲಿಲ್ಲ. ಗೌನು, ಶೀಲ್ಡು, ಎಲ್ಲ ಒಂದೇ. ರೋಸಿಯನ್ನು ಮಾತ್ರ ಕನ್ನಡದಿಂದ ಗುರುತು ಹಿಡಿಯುತ್ತಿದ್ದೆ. ಮುಖ ಕಾಣದ ಕೈಗಳು ಬಂದು ಸೂಜಿ ಚುಚ್ಚಿ ಹೋದರೆ ಭಯವಾಗುತ್ತದೆ, ನೀಲಾ. ಡಾಕ್ಟರನಿಗೇ ಭಯವಾಗುತ್ತದೆ.

ಸುಹಾಸನಿಗೆ ನೀನೇ ಹೇಳು. ನನಗೆ ಧೈರ್ಯವಿಲ್ಲ.

ಟೈಮ್ ಪಾಸ್ ಅಂದದ್ದು ನನಗೆ ನೆನಪೇ ಇರಲಿಲ್ಲ. ನೆನಪಿಲ್ಲದ್ದು ಇನ್ನೂ ದೊಡ್ಡ ತಪ್ಪು.

ಚಂದ್ರಕಾಂತ

---

ಆಡಮ್ಸ್‌ಟೌನ್
28 ಮೇ 2020

ರೀ,

ನಿಮ್ಮ ಪತ್ರ ಓದಿ ಹಿತ್ತಲಿಗೆ ಹೋಗಿ ಒಗೆದ ಬಟ್ಟೆಯನ್ನೆಲ್ಲ ತೆಗೆದು, ಮತ್ತೆ ಒಣಗಲು ಹಾಕಿ, ಮತ್ತೆ ತೆಗೆದೆ. ಆರು ದಿನ. ನಾನು ಆಗ ಇಲ್ಲಿ ಏನು ಮಾಡುತ್ತಿದ್ದೆ ಎಂದು ಒಂದೊಂದೇ ದಿನ ಲೆಕ್ಕ ಹಾಕಿದೆ. ಹನ್ನೊಂದನೇ ತಾರೀಖು ನಾನು ಪುಳಿಯೋಗರೆ ಮಾಡಿ ನಗುತ್ತಾ ತಿಂದಿದ್ದೇನೆ. ಬಚ್ಚಿಟ್ಟದ್ದಕ್ಕೆ ನಿಮ್ಮನ್ನು ಯಾವತ್ತಾದರೂ ಕ್ಷಮಿಸುತ್ತೇನೆ, ಇವತ್ತಲ್ಲ.

ಸುಹಾಸನಿಗೆ ಹೇಳಿದೆ. ಅವನು ಬಹಳ ಹೊತ್ತು ಸೈಕಲ್ ಚಕ್ರ ತಿರುಗಿಸುತ್ತ ನಿಂತ. "ಡ್ಯಾಡ್ ಈಸ್ ಸಮ್ ಈಜಿಟ್" ಅಂದ. ಈ ಊರಿನವರು ಪೆದ್ದನಿಗೆ ಹಾಗೆ ಅನ್ನುತ್ತಾರೆ. ಆಮೇಲೆ, ನಾಲ್ಕು ವರ್ಷದಿಂದ ಮನೆಯಲ್ಲಿ ಕನ್ನಡ ಆಡದ ಹುಡುಗ, "ಅಪ್ಪ ಊಟ ಮಾಡ್ತಿದ್ದಾನಾ?" ಎಂದು ಕೇಳಿದ.

ಮಾಡುತ್ತಿದ್ದೀರಾ?

ಮೊನ್ನೆ ಸಂಜೆ ವಿಡಿಯೋದಲ್ಲಿ ಕಿಟಕಿಯ ಕಡೆ ತಿರುಗಿ ಕೂತಿರಿ. ಎಷ್ಟು ಇಳಿದುಹೋಗಿದ್ದೀರಿ. ನಾನು ಚಿತ್ರ ತೆಗೆಯಲಿಲ್ಲ, ಬರೀ ನೋಡಿದೆ.

ಈಗ ಕೆಲಸದ ಮಾತು. ಮುಖ ಕಾಣದ ಕೈಗಳು ಎಂದು ಬರೆದಿರಲ್ಲ, ಅದನ್ನು ಡೀರ್ಡ್ರಾಗೆ ಹೇಳಿದೆ. ನನ್ನ ಪ್ರಾಜೆಕ್ಟ್ ಬದಲಾಯಿಸಲು ಒಪ್ಪಿದ್ದಾಳೆ, ಗಡುವನ್ನೂ ಜೂನ್ ಕೊನೆಗೆ ಮುಂದೂಡಿದ್ದಾಳೆ. ನಿಮ್ಮ ವಾರ್ಡಿನಲ್ಲಿ ಒಪ್ಪುವವರೆಲ್ಲ ಮಾಸ್ಕಿಲ್ಲದ ತಮ್ಮ ಮುಖದ ಒಂದೊಂದು ಫೋಟೋ ಕಳಿಸಲಿ. ಹೇಗೆ ತೆಗೆಯಬೇಕೆಂದು ಒಂದು ಹಾಳೆ ಬರೆದು ಇಟ್ಟಿದ್ದೇನೆ: ಮನೆಯ ಕಿಟಕಿಯ ಪಕ್ಕ, ಕಣ್ಣಿನ ಮಟ್ಟಕ್ಕೆ, ತೆಗೆಯುವವರು ತಮಗೆ ಇಷ್ಟವಾದವರಾಗಿರಲಿ, ಕ್ಲಿಕ್ ಆದ ಮೇಲೆ ಇನ್ನೊಂದು ಕ್ಲಿಕ್. ನಾನು ಇಲ್ಲಿ ದೊಡ್ಡದಾಗಿ ಪ್ರಿಂಟ್ ಮಾಡುತ್ತೇನೆ, ಒರೆಸಲು ಬರುವ ಹಾಗೆ ಸುಹಾಸ ಲ್ಯಾಮಿನೇಟ್ ಮಾಡುತ್ತಾನೆ. ಗೌನಿನ ಮೇಲೆ ಎದೆಗೆ ಅಂಟಿಸಿಕೊಳ್ಳಿ.

ಮೇಲಿನವರು ಬೇಡ ಎಂದರೆ ರೋಸಿಯನ್ನು ಮಾತಾಡಲು ಕಳಿಸಿ.

ನೀಲಾ

---

ಕಿಲ್ಕೆನ್ನಿ
14 ಜೂನ್ 2020

ನೀಲಾ,

ಊಟ ಮಾಡುತ್ತಿದ್ದೇನೆ. ಸುಹಾಸನಿಗೆ ಹೇಳು.

ಪಾರ್ಸೆಲ್ ಬಂತು, ಇಪ್ಪತ್ತಮೂರು ಮುಖ. ಸೋಂಕು ನಿಯಂತ್ರಣದವರು ಎರಡು ದಿನ ಯೋಚಿಸಿ ಒಪ್ಪಿದರು. ರೋಸಿ ಕೆಲಸ ಶುರುವಾಗುವ ಮೊದಲು ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಎಲ್ಲರೂ ಬಂದು ಒಬ್ಬರನ್ನೊಬ್ಬರು ನೋಡಿದರು. ಮಾರ್ಚ್‌ನಿಂದ ಜೊತೆಯಲ್ಲಿರುವ ಹೊಸ ನರ್ಸ್ ಒಬ್ಬಳ ಮುಖ ನಾನು ನೋಡಿದ್ದು ಅದೇ ಮೊದಲು.

ಇಲ್ಲಿ ಒಬ್ಬ ಅಜ್ಜಿ ಇದ್ದಾರೆ, ಬುದ್ಧಿ ಸ್ವಲ್ಪ ಮಂಜಾಗಿದೆ. ಗೌನು ಹಾಕಿದವರು ಬಂದರೆ ಬಾಯಿ ಬಿಗಿಹಿಡಿದು ನೀರೂ ಕುಡಿಯುತ್ತಿರಲಿಲ್ಲ. ರೋಸಿ ಎದೆಯ ಮೇಲೆ ತನ್ನ ಫೋಟೋ ಅಂಟಿಸಿಕೊಂಡು ಪಕ್ಕ ಕೂತಳು. ಅಜ್ಜಿ ಫೋಟೋ ನೋಡಿದರು, ರೋಸಿಯ ಕಣ್ಣು ನೋಡಿದರು, ಮತ್ತೆ ಫೋಟೋ ನೋಡಿದರು. "ಓ, ನೀನಾ? ಮೊದಲೇ ಹೇಳಬಾರದಿತ್ತಾ" ಎಂದು ಕಪ್ಪಿನ ಚಹಾ ಪೂರ್ತಿ ಕುಡಿದರು. ನನ್ನದನ್ನು ನೋಡಿ "ಇವನಿಗೆ ಮೀಸೆ ಬೇಡವಾಗಿತ್ತು" ಅಂದರು.

ಆ ರೈತನ ಮಗಳಿಗೆ ಫೋನ್ ಮಾಡಿದೆ. ನಾನೇ ಟ್ಯಾಬ್ಲೆಟ್ ಹಿಡಿದವನು, ಸರಿಯಾಗಿ ಹಿಡಿಯಲಿಲ್ಲ, ಕ್ಷಮಿಸಿ ಎಂದೆ. ಆಕೆ, "ನಿಮ್ಮ ಸೀಲಿಂಗಿನಲ್ಲಿ ಒಂದು ಕಂದು ಕಲೆ ಇದೆ. ಎರಡು ತಿಂಗಳಿಂದ ಕಣ್ಣು ಮುಚ್ಚಿದ್ರೆ ಅದೇ ಕಾಣ್ತಿದೆ" ಅಂದಳು. ನಾನು ಫೋನ್ ಇಡಲಿಲ್ಲ. ಕೊನೆಗೆ ಆಕೆಯೇ ಕೇಳಿದಳು: "ಅಪ್ಪನಿಗೆ ನಾನು ಕಾಣ್ತಿದ್ನಾ?" ಕಾಣುತ್ತಿದ್ದಳು, ನೀಲಾ. ಅದು ನಿಜ. ಪರದೆ ಓರೆಯಾಗಿಯಾದರೂ ಅವರ ಕಡೆಗೇ ಇತ್ತು, ಅವರು ಕಣ್ಣು ಬೇರೆಡೆ ತಿರುಗಿಸಿರಲಿಲ್ಲ. ಹಾಗೆಯೇ ಹೇಳಿದೆ. "ಹೇಳಿದ್ದಕ್ಕೆ ಥ್ಯಾಂಕ್ಸ್ ಡಾಕ್ಟರ್" ಎಂದು ಇಟ್ಟಳು. ನನ್ನ ಕ್ಷಮೆಗೆ ಉತ್ತರ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ.

ಈ ವರ್ಷ ನಾನು ಕಲಿತದ್ದೆಲ್ಲ ನಿನ್ನ ಕ್ಲಾಸಿನಿಂದ ಬಂದದ್ದು. ಇದನ್ನು ಎದುರಿಗೆ ಹೇಳಲು ನನಗೆ ಬರುವುದಿಲ್ಲ ಎಂದು ನಿನಗೆ ಗೊತ್ತು. ಆದ್ದರಿಂದ ಸಹಿ ಹಾಕಿ ಕಳಿಸುತ್ತಿದ್ದೇನೆ.

ನಿನ್ನ
ಚಂದ್ರಕಾಂತ

---

ಆಡಮ್ಸ್‌ಟೌನ್
24 ಜೂನ್ 2020

ರೀ,

ಪ್ರಾಜೆಕ್ಟ್ ಒಪ್ಪಿಸಿಯಾಯಿತು. ಅದರ ಜೊತೆಗೆ ಈ ವರ್ಷ ಏನು ಕಲಿತಿರಿ ಎಂದು ಒಂದು ಪುಟ ಬರೆಯಬೇಕಿತ್ತು. ಇಂಗ್ಲಿಷಿನಲ್ಲಿ ಮೂರು ಸಲ ಶುರು ಮಾಡಿ ಮೂರು ಸಲವೂ ಅಳಿಸಿದೆ. ಆಮೇಲೆ ನಿಮಗೆ ಹೇಳುವ ಹಾಗೆ ಕನ್ನಡದಲ್ಲಿ ಬರೆದುಕೊಂಡೆ, ಸುಹಾಸ ಪಕ್ಕದಲ್ಲಿ ಕೂತು ಇಂಗ್ಲಿಷ್ ಮಾಡಿದ. ಒಂದೊಂದು ಪದಕ್ಕೂ ಜಗಳ. ಅವನಿಗೆ ಇಷ್ಟೊಂದು ಕನ್ನಡ ಬರುತ್ತದೆ ಎಂದು ನಿಮಗೆ ಗೊತ್ತಿತ್ತೇ?

ಬೆಳಕು, ಕೋನ, ಶಟರ್ ಎಲ್ಲ ಬರೆದೆ. ಅವನ್ನು ಕಲಿಯದೆ ಉಳಿದದ್ದು ಬರುತ್ತಿರಲಿಲ್ಲ. ನಾನು ಎಲ್ಲಿ ನಿಲ್ಲುತ್ತೇನೆ ಎಂಬುದರ ಮೇಲೆ ಎದುರಿನವರು ಕಾಣುವುದೂ ಕಾಣದಿರುವುದೂ ಇದೆ ಎಂದು ಬರೆದೆ. ಇಪ್ಪತ್ತೊಂದು ವರ್ಷ ನಾನು ಒಂದೇ ಜಾಗದಲ್ಲಿ ನಿಂತು ನಿಮ್ಮನ್ನು ನೋಡಿದೆ, ಮಾತಾಡದ ಮನುಷ್ಯ ಎಂದುಕೊಂಡೆ. ನೀವು ನೂರಿಪ್ಪತ್ತು ಕಿಲೋಮೀಟರ್ ದೂರ ಹೋಗಿ ನಿಂತ ಮೇಲೆ ನಿಮ್ಮ ಮಾತು ಕೇಳಿಸಿತು. ಇದನ್ನು ಸುಹಾಸ ಅನುವಾದಿಸಲಿಲ್ಲ. "ಮಮ್, ದಟ್ಸ್ ಬಿಟ್ವೀನ್ ಯೂ ಟೂ" ಎಂದು ಆ ಸಾಲು ಹಾರಿಸಿದ. ಸರಿಯೇ.

ಥ್ಯಾಂಕ್ಸ್ ಹೇಳುವ ಜಾಗದಲ್ಲಿ ಡೀರ್ಡ್ರಾ ಹೆಸರು ಬರೆದೆ, ಮಂಚದ ಮೇಲೆ ಮಲಗಿದ ಹತ್ತು ಮಕ್ಕಳ ಹೆಸರು ಬರೆದೆ, ರೋಸಿಯದು ಬರೆದೆ. ನಿಮ್ಮ ಹೆಸರನ್ನು ಕೊನೆಯಲ್ಲಿ, ನನಗೆ ಪ್ರಶ್ನೆ ಕೇಳಿದವರು ಎಂದು.

ನಿನ್ನೆ ಡೀರ್ಡ್ರಾ ಫೋನ್ ಮಾಡಿದ್ದಳು. ಸೆಪ್ಟೆಂಬರಿನಲ್ಲಿ ಬರುವ ಹೊಸ ಮಕ್ಕಳಿಗೆ ಮುಖ ತೆಗೆಯುವ ಪಾಠವನ್ನು ವಾರಕ್ಕೊಂದು ದಿನ ನಾನು ಮಾಡಬೇಕಂತೆ. ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದು ಬಾಯಿತನಕ ಬಂತು. ಹೇಳಲಿಲ್ಲ. ಹ್ಞೂಂ ಎಂದುಬಿಟ್ಟೆ.

ಸೋಮವಾರದಿಂದ ದೇಶವೆಲ್ಲ ಓಡಾಡಬಹುದು ಎಂದಿದ್ದಾರೆ. ಬನ್ನಿ. ಸುಹಾಸ ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತಿರುತ್ತಾನೆ, ಆದರೆ ಅದನ್ನು ಒಪ್ಪಿಕೊಳ್ಳುವುದಿಲ್ಲ. ನಾನು ಅವನ ಪಕ್ಕದಲ್ಲಿರುತ್ತೇನೆ. ನೀವು ಕಾರಿನಿಂದ ಇಳಿಯುವಾಗ ಕ್ಯಾಮೆರಾ ನನ್ನ ಕೈಯಲ್ಲಿರುವುದಿಲ್ಲ. ಎರಡು ಕೈಯೂ ಬೇಕು.

ನಿಮ್ಮ
ನೀಲಾ